ಮಳೆಗಾಲದಲ್ಲಿ ಮಂಗಳೂರಿಗೆ ಪರ್ಯಾಯ ವಿಮಾನ ನಿಲ್ದಾಣ ಯಾವುದು?

ಪ್ರಶ್ನೆ: ಮುಂಬೈಯಿಂದ ಮಂಗಳೂರಿಗೆ ಹಾರಾಟ ಯೋಜಿಸುವಾಗ, ಹತ್ತಿರದಲ್ಲೇ 3,050 ಮೀಟರ್ ರನ್‌ವೇ ಇರುವ ಕಣ್ಣೂರನ್ನು ಬಿಟ್ಟು ದೂರದ ಬೆಂಗಳೂರನ್ನು ಪರ್ಯಾಯವಾಗಿ (ಮಂಗಳೂರಿನಲ್ಲಿ ಇಳಿಯಲಾಗದಿದ್ದರೆ ಹೋಗುವ ನಿಲ್ದಾಣವಾಗಿ) ಇಟ್ಟುಕೊಳ್ಳುವುದು ಸರಿಯೇ?

ಉತ್ತರ: ಹತ್ತಿರವಿರುವುದೇ ಇಲ್ಲಿನ ತೊಡಕು. ಮಂಗಳೂರು ನಿಲ್ದಾಣವಿರುವ ಬಜಪೆಯ ಗುಡ್ಡದ ಮೇಲಿನ ರನ್‌ವೇಯನ್ನು ಮುಸುಕಿದ ಮುಂಗಾರಿನ ಮೋಡವೇ ಕಣ್ಣೂರು, ಕೋಯಿಕ್ಕೋಡುಗಳನ್ನೂ ಆವರಿಸಿರುವ ಸಾಧ್ಯತೆ ಹೆಚ್ಚು. ಘಟ್ಟದ ಆಚೆಗಿರುವ ಬೆಂಗಳೂರಿನ ಹವಾಮಾನ ಬೇರೆ, ಮೇಲಾಗಿ ಅಲ್ಲಿ ಎರಡು ರನ್‌ವೇಗಳಿವೆ.

ಇನ್ನೊಂದು ಉತ್ತರ: ಒಪ್ಪುತ್ತೇನೆ, ಆದರೆ ಇಂಧನವನ್ನು ಮರೆಯಬಾರದು. ಪರ್ಯಾಯ ನಿಲ್ದಾಣವನ್ನು ತಲುಪಿದ ಮೇಲೂ ಜೆಟ್ ವಿಮಾನದಲ್ಲಿ 1,500 ಅಡಿ ಎತ್ತರದಲ್ಲಿ 30 ನಿಮಿಷ ಸುತ್ತುವಷ್ಟು ಇಂಧನ ಉಳಿದಿರಬೇಕಾದ್ದರಿಂದ, ಪರ್ಯಾಯ ದೂರವಾದಷ್ಟೂ ಮಂಗಳೂರಿನಲ್ಲಿ ಇಳಿಯುವಾಗಿನ ತೂಕ ಏರುತ್ತದೆ. ಅಲ್ಲಿನ 2,450 ಮೀಟರಿನ ಒದ್ದೆ ಟೇಬಲ್‌ಟಾಪ್ (ಗುಡ್ಡದ ನೆತ್ತಿಯ ಮೇಲಿದ್ದು ಅಂಚಿನಾಚೆ ಇಳಿಜಾರಿರುವ) ರನ್‌ವೇಯಲ್ಲಿ ಅದು ಸಣ್ಣ ಸಂಗತಿಯಲ್ಲ.

ಮತ್ತೊಂದು ಉತ್ತರ: ಚಳಿಗಾಲದ ಮುಂಜಾನೆಗಳಲ್ಲಿ ಬೆಂಗಳೂರಿಗೇ ಮಂಜು ಕವಿಯುವುದುಂಟು, ಆಗ ಕಣ್ಣೂರೇ ಮೇಲು.