ಸಮಸ್ಯಾಪೂರಣ: "ಅನ್ನವನು ಕೊಟ್ಟ ಕೈ ಹಗೆಯ ಕೈಯಾಯ್ತು"

ಗೆಳೆಯರೇ, ಈ ಸಲದ ಸಮಸ್ಯೆ, ಅಂದರೆ ಪದ್ಯ ಕಟ್ಟಲು ಕೊಟ್ಟ ಸಾಲು, ಮೇಲಿದೆ. ಚೌಪದಿಯ (ನಾಲ್ಕು ಸಾಲಿನ ಪದ್ಯದ) ಕೊನೆಯ ಸಾಲು ಅದೇ ಇರಬೇಕು. ಐದು ಮಾತ್ರೆಯ ಗಣಗಳು. 1 ಮತ್ತು 3ನೇ ಸಾಲಿಗೆ ನಾಲ್ಕು ಗಣ. 2 ಮತ್ತು 4ಕ್ಕೆ ಮೂರು ಗಣ, ಮೇಲೆ ಮೂರು ಮಾತ್ರೆ. ಪ್ರಾಸ 'ನ್ನ'.

ವಸ್ತು ಗೋಲ್ಕೊಂಡದ ರಾಜಕುಮಾರ ಇಬ್ರಾಹಿಂ. 1543ರಲ್ಲಿ ಅವನ ತಂದೆ ಸುಲ್ತಾನ್ ಕುಲಿ ಪ್ರಾರ್ಥನೆ ಮಾಡುವಾಗಲೇ ಕೊಲೆಯಾದ. ಮಗ ಜಮ್ಷೀದನೇ ಮಾಡಿಸಿದ ಎನ್ನುತ್ತಾರೆ ಚರಿತ್ರೆಕಾರರು. ಪಟ್ಟಕ್ಕೆ ಬರಬೇಕಿದ್ದ ಇನ್ನೊಬ್ಬ ಅಣ್ಣನನ್ನು ಕುರುಡನನ್ನಾಗಿ ಮಾಡಿಸಿದರು. ಕಿರಿಯವನಾದ ಇಬ್ರಾಹಿಂ ಬೀದರಿಗೆ ಓಡಿದ, ಅಲ್ಲಿಂದ ವಿಜಯನಗರಕ್ಕೆ. ಅಳಿಯ ರಾಮರಾಯ ಜಹಗೀರು ಕೊಟ್ಟು ಏಳು ವರ್ಷ ಕಾಪಾಡಿದ. 1550ರಲ್ಲಿ ಜಮ್ಷೀದ್ ಸತ್ತ ಮೇಲೆ ಇವನೇ ಹೋಗಿ ಸುಲ್ತಾನನಾದ. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧಕ್ಕೆ ಅದೇ ರಾಮರಾಯನ ಎದುರು ಪಡೆ ತಂದ. ಬರೆಯಿರಿ.

ಮೊದಲ ಪೂರಣ

ಬೆನ್ನಟ್ಟಿ ಬಂದಿರಲು ಅಣ್ಣನಾಳುಗಳೆಲ್ಲ
ಹೊನ್ನ ಹಂಪೆಯೆ ಕದವ ತೆರೆದಿತ್ತು ಮುನ್ನ
ಮನ್ನಣೆಯನುಂಡವನೆ ಪಡೆಗೂಡಿ ಬರಲಾಗ
ಅನ್ನವನು ಕೊಟ್ಟ ಕೈ ಹಗೆಯ ಕೈಯಾಯ್ತು

— 'ಅಣ್ಣನ ಆಳುಗಳು' ಎಂದು ಬಿಡಿಸಿದ್ದರೆ ಗಣ ಮುರಿಯುತ್ತಿತ್ತು. ಸಂಧಿ ಕಾಪಾಡಿದೆ. 'ಮನ್ನಣೆಯನುಂಡವನೆ' ತುಂಬಾ ಹಿಡಿಸಿತು. ಉಂಡದ್ದು ಬರೀ ಊಟ ಅಲ್ಲ, ಅಲ್ವಾ?

ಎರಡನೆಯದು

ಸನ್ನಿಧಿಯೊಳೇ ಮಣಿದ ತಂದೆಯನು ಕೊಲಿಸಿದರು
ಇನ್ನೊಬ್ಬ ಅಣ್ಣನಿಗೆ ಕುರುಡು ಕತ್ತಲೆಯು
ತನ್ನವರಿಗಂಜೋಡಿ ಬಂದನೈ ತಮ್ಮನಿವ
ಅನ್ನವನು ಕೊಟ್ಟ ಕೈ ಹಗೆಯ ಕೈಯಾಯ್ತು

— ಇದನ್ನು ಎರಡು ಸಲ ಓದಿದೆ. ನಾವೆಲ್ಲ ರಾಮರಾಯನ ಕೈ ಅಂದುಕೊಂಡಿದ್ದೆವು. ಇಲ್ಲಿ ಅದು ಹುಟ್ಟಿದ ಮನೆಯ ಕೈ! ಸಮಸ್ಯೆ ಕೊಟ್ಟ ನನಗೇ ಹೊಳೆದಿರಲಿಲ್ಲ.

— ಆದರೆ ರಕ್ಕಸತಂಗಡಿ ಬಿಟ್ಟುಹೋಯಿತಲ್ಲ? ಅದಿಲ್ಲದೆ ಇಬ್ರಾಹಿಮನ ಕಥೆ ಅರ್ಧ.

— ಅರ್ಧವೇ ಸಾಕು. ಆ ಹುಡುಗ ಹಂಪೆಯ ಬಾಗಿಲಿಗೆ ಬಂದಾಗ 1565 ಯಾರಿಗೂ ಗೊತ್ತಿರಲಿಲ್ಲ. ಅವನಿಗೂ.

ಸಮಸ್ಯೆ ಕೊಟ್ಟವರಿಂದ

ಅವನನ್ನು ದ್ರೋಹಿ ಅಂತ ಮುಗಿಸಿಬಿಡಲು ನನಗೆ ಮನಸ್ಸು ಬರುವುದಿಲ್ಲ. ರಾಮರಾಯ ಆ ಹೊತ್ತಿಗೆ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಿದ್ದ, ಗೋಲ್ಕೊಂಡದ ಕೋಟೆಗಳನ್ನೂ ಕೇಳಿದ್ದ. ಅದಿರಲಿ. ನನ್ನನ್ನು ಕಾಡುವುದು ಬೇರೆ. ವಿಜಯನಗರದ ಆ ಏಳು ವರ್ಷಗಳಲ್ಲಿ ಇಬ್ರಾಹಿಂ ತೆಲುಗನ್ನು ಮನಸಾರೆ ಕಲಿತ. ಊರಿಗೆ ಮರಳಿದ ಮೇಲೂ ಬಿಡಲಿಲ್ಲ. ಅದ್ದಂಕಿ ಗಂಗಾಧರ ಕವಿ ತನ್ನ ಕಾವ್ಯವನ್ನು ಅವನಿಗೇ ಅರ್ಪಿಸಿದ. ತೆಲುಗು ಕವಿಗಳು ಪ್ರೀತಿಯಿಂದ ಕರೆದ ಹೆಸರು 'ಮಲ್ಕಿಭರಾಮ'. ಮಲಿಕ್ ಇಬ್ರಾಹಿಂ ಎಂಬುದು ಅವರ ಬಾಯಲ್ಲಿ ಹಾಗೆ ಕರಗಿತು. ರಾಮರಾಯನ ಆಸ್ಥಾನದ ಗಾಳಿ ಗೋಲ್ಕೊಂಡದಲ್ಲಿ ಬೀಸುತ್ತಲೇ ಇತ್ತು, 1580ರಲ್ಲಿ ಅವನು ಸಾಯುವವರೆಗೂ. ಅದಕ್ಕೆ ನನ್ನ ಪೂರಣ:

ಬೆನ್ನಿನಲಿ ಹೊತ್ತೊಯ್ದನೇಳು ವರುಷದ ನುಡಿಯ
ತನ್ನೂರ ನೆಲದಲ್ಲಿ ಬಿತ್ತಿದನು ಮರಳಿ
ಇನ್ನಾದರೂ ನಿಲಿಸಿ ಬರಿಯೊಂದೆ ಮಾತನ್ನು:
"ಅನ್ನವನು ಕೊಟ್ಟ ಕೈ ಹಗೆಯ ಕೈಯಾಯ್ತು"

— ಸಮಸ್ಯೆಯನ್ನೇ ಬೇರೆಯವರ ಬಾಯಿಗೆ ಹಾಕಿ ಅಲ್ಲಗಳೆದಿರಿ. ಹಳೆಯ ಉಪಾಯ, ಇಲ್ಲಿ ಚೆನ್ನಾಗಿ ಕೂತಿದೆ. ಆದರೂ ರಾಮರಾಯನ ಪರವಾಗಿ ನಾನೊಂದು ಬರೆಯಲೇಬೇಕು. ನಾಳೆ ಬೆಳಗ್ಗೆಯವರೆಗೆ ಸಮಯ ಕೊಡಿ.