ಎಂಟು ಮೂಲೆಯ ಸ್ಕ್ಯಾರಿಫಿಕೇಟರ್: ಬ್ಲೇಡು ಹೊರಗೆ ನಿಲ್ಲುವುದಿಲ್ಲ, ಕೆಟ್ಟಿದೆಯೇ?

ಪ್ರಶ್ನೆ: ಇದು ಸ್ಕ್ಯಾರಿಫಿಕೇಟರ್, ಅಂದರೆ ಹಿಂದೆ ರಕ್ತ ತೆಗೆಯಲು ಚರ್ಮ ಸೀಳುತ್ತಿದ್ದ ವೈದ್ಯಕೀಯ ಸಾಧನ. ಹಿತ್ತಾಳೆಯ ಎಂಟು ಮೂಲೆಯ ಪೆಟ್ಟಿಗೆ, ತಳದಲ್ಲಿ ಸಾಲಾಗಿ ಸೀಳುಗಂಡಿಗಳು, 12 ಬ್ಲೇಡು. ಮೇಲಿನ ಸನ್ನೆ ಎಳೆದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಪಕ್ಕದ ಗುಂಡಿ ಒತ್ತಿದರೆ ಸದ್ದಾಗುತ್ತದೆ, ಬ್ಲೇಡು ಮಾತ್ರ ಹೊರಗೆ ಕಾಣುವುದಿಲ್ಲ. ಮೇಲಿರುವ ತಿರುಪು ಏಕೆ? ಒಳಗಿನ ತುಕ್ಕು ತೆಗೆಯುವುದು ಹೇಗೆ?

ಉತ್ತರ 1: ಕೆಟ್ಟಿಲ್ಲ, ಅದು ಇರಬೇಕಾದದ್ದೇ ಹಾಗೆ. ಬ್ಲೇಡುಗಳು ಅರ್ಧ ಸುತ್ತು ತಿರುಗಿ, ಚರ್ಮ ಸೀಳಿ, ಆಚೆ ಬದಿಯಲ್ಲಿ ಮತ್ತೆ ಪೆಟ್ಟಿಗೆಯೊಳಗೆ ಅಡಗುತ್ತವೆ. ಕಣ್ಣಿಗೆ ಬೀಳದಷ್ಟು ವೇಗ. ತಿರುಪು ಆಳಕ್ಕೆ: ಅದನ್ನು ತಿರುಗಿಸಿದಂತೆ ತಳದ ತಗಡಿಗೂ ಬ್ಲೇಡಿಗೂ ನಡುವಿನ ಅಂತರ ಬದಲಾಗುತ್ತದೆ. ಈ ಎಂಟು ಮೂಲೆಯ ಆಕಾರ 19ನೇ ಶತಮಾನದ ಇಂಗ್ಲೆಂಡಿನದು. ಜರ್ಮನಿಯ ಕಡೆಯವು ಹೆಚ್ಚಾಗಿ ಚೌಕ.

ಉತ್ತರ 2: ಆಳದ ಲೆಕ್ಕ ತಪ್ಪಿದರೆ ಕೆಲಸವೇ ಕೆಡುತ್ತಿತ್ತು. ಹೆಚ್ಚು ಆಳಕ್ಕಿಟ್ಟರೆ ಚರ್ಮದಡಿಯ ಕೊಬ್ಬು ಗಾಯದೊಳಕ್ಕೆ ಉಬ್ಬಿ ರಕ್ತದ ದಾರಿ ಮುಚ್ಚುತ್ತದೆ. ಕಡಿಮೆ ಇಟ್ಟರೆ ಬರೀ ಗೀರು. ಬಟ್ಟಲಿಟ್ಟು ರಕ್ತ ಹೀರಿ ತೆಗೆಯುವ ಕ್ರಮ ಹೀಗಿತ್ತು: ಗಾಜಿನ ಬಟ್ಟಲಿನೊಳಗೆ ಸ್ಪಿರಿಟ್ ದೀಪದ ಜ್ವಾಲೆ ಕ್ಷಣಕಾಲ ತೋರಿಸಿ ಚರ್ಮದ ಮೇಲೆ ಕವುಚುವುದು, ರಕ್ತ ಸೇರಿ ಜಾಗ ಕೆಂಪಾದ ಮೇಲೆ ತೆಗೆದು ಸ್ಕ್ಯಾರಿಫಿಕೇಟರ್ ಒತ್ತಿ ಹಾರಿಸುವುದು, ತಕ್ಷಣ ಅದೇ ಜಾಗಕ್ಕೆ ಮತ್ತೆ ಬಟ್ಟಲು. ರಕ್ತ ಹೆಪ್ಪುಗಟ್ಟಿದರೆ ಬಿಸಿನೀರಿನ ಸ್ಪಂಜಿನಿಂದ ಒರೆಸಿ ಮತ್ತೊಮ್ಮೆ. ಜ್ವಾಲೆ ಅಂಚಿಗೆ ತಗುಲಿದರೆ ಸುಟ್ಟ ಬಳೆಯ ಗುರುತು ಬೀಳುತ್ತದೆ. ಹೀರಿಕೆ ವಿಪರೀತವಾದರೆ ಅಂಚು ರಕ್ತನಾಳಗಳನ್ನು ಅದುಮಿ ಹರಿವೇ ನಿಲ್ಲುತ್ತದೆ. ಹಿತ್ತಾಳೆಯ ಪಿಚಕಾರಿಯಿಂದ ಗಾಳಿ ಎಳೆಯುವ, ಕವಾಟ ಇರುವ ಬಟ್ಟಲಿಗೆ ಬೆಂಕಿ ಬೇಡ. ಸುಶ್ರುತ ಸಂಹಿತೆಯ ಕೊಂಬು (ಶೃಂಗ), ಸೋರೆಬುರುಡೆ (ಅಲಾಬು) ಇವುಗಳದೂ ಇದೇ ತತ್ವ, ಹೀರಿಕೆ.

ಉತ್ತರ 3: ತುಕ್ಕಿನ ವಿಷಯ. ಮೊದಲು ಕೈಗವಸು ಹಾಕಿ. ಬ್ಲೇಡುಗಳ ಸಂದಿಯಲ್ಲಿ ಹಳೆಯ ರಕ್ತ ಉಳಿದಿರಬಹುದು. ಅಂದೂ ಇದೇ ಇದರ ದೊಡ್ಡ ದೋಷ: ಒಳಭಾಗ ಸ್ವಚ್ಛವಾಗುತ್ತಿರಲಿಲ್ಲ, ಒಬ್ಬರ ಸೋಂಕು ಇನ್ನೊಬ್ಬರಿಗೆ ದಾಟುತ್ತಿತ್ತು. ಕಚ್ಚಿಸಿದ ಸ್ಥಿತಿಯಲ್ಲಿ ಬಿಚ್ಚಲೇಬೇಡಿ, ಬೆರಳು ಹೋಗುತ್ತದೆ. ಸ್ಪ್ರಿಂಗ್ ಸಡಿಲಿಸಿದ ಮೇಲೆ ತಿರುಪು ಪೂರ್ತಿ ತೆಗೆದರೆ ಅನೇಕ ಮಾದರಿಗಳಲ್ಲಿ ತಳ ಬಿಟ್ಟುಕೊಳ್ಳುತ್ತದೆ. ಬಿಗಿಯಾಗಿದ್ದರೆ ಬಲ ಹಾಕಬೇಡಿ. ಉಕ್ಕಿನ ಬ್ಲೇಡಿಗೆ ತೆಳು ಯಂತ್ರದೆಣ್ಣೆ ಸವರಿ, ಮೆತ್ತನೆಯ ಬಿದಿರುಕಡ್ಡಿಯಿಂದ ತುಕ್ಕು ಎಬ್ಬಿಸಿ, ಉಪ್ಪುಕಾಗದ ಬೇಡ. ಹಿತ್ತಾಳೆಗೆ ಅಮೋನಿಯ ಇರುವ ಪಾಲಿಶ್ ಖಂಡಿತ ಬೇಡ, ಒಳಬಿಗಿತ ಇರುವ ಕಡೆ ಬಿರುಕು ಬಿಡುತ್ತದೆ. ಉಜ್ಜಿದರೆ ತಯಾರಕರ ಹೆಸರಿನ ಕೆತ್ತನೆಯೂ ಸವೆಯುತ್ತದೆ.

ಉತ್ತರ 1: ಒಂದು ಮಾತು ಬಿಟ್ಟಿದ್ದೆ: ತೋರಿಸಲೆಂದು ಪದೇಪದೇ ಹಾರಿಸಬೇಡಿ, ಕಚ್ಚಿಸಿ ಇಡಲೂ ಬೇಡಿ. ಹಳೆಯ ಸ್ಪ್ರಿಂಗ್ ಮುರಿದರೆ ಅದಕ್ಕೆ ಹೊಂದುವುದು ಸಿಗುವುದು ಕಷ್ಟ.