ಐದು ವರ್ಷದ ಮಗುವಿಗೆ ಹಲ್ಲು ಕಟ್ಟಿಸಿದವರಿದ್ದೀರಾ?

ಕಾಂದಿವಲಿ ಅಮ್ಮ:
ಮಗನಿಗೆ ಐದು ವರ್ಷ. ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ, ಅಂದ್ರೆ ಹಲ್ಲು, ಕೂದಲು, ಬೆವರಿನ ಗ್ರಂಥಿ ಹುಟ್ಟಿನಿಂದಲೇ ಸರಿಯಾಗಿ ಬೆಳೆಯದ ಕಾಯಿಲೆ. ಮೇಲೆ ಎರಡು ಚೂಪು ಹಲ್ಲು, ಕೆಳಗೆ ಒಂದೂ ಇಲ್ಲ. ಡಾಕ್ಟರು ಈಗಲೇ ತೆಗೆದು ಹಾಕೋ ಹಲ್ಲಿನ ಸೆಟ್ ಮಾಡಿಸಿ ಅಂತಾರೆ. ನಮ್ಮತ್ತೆ, ದೊಡ್ಡವನಾಗಲಿ, ಒಂದೇ ಸಲ ಪರ್ಮನೆಂಟ್ ಹಾಕಿಸೋಣ ಅಂತಾರೆ. ಜೂನ್‌ಗೆ ಒಂದನೇ ಕ್ಲಾಸು. ಕೆಳಗಿನ ಸೆಟ್ ನಿಲ್ಲುತ್ತಾ? ಮಾಡಿಸಿದವರು ದಯವಿಟ್ಟು ಹೇಳಿ.

ಡೊಂಬಿವಲಿ:
ನಮ್ಮದು ಸೀಳುತುಟಿ, ಅಂಗುಳವೂ ಸೀಳಿತ್ತು. ಆ ಎರಡು ಆಪರೇಷನ್ನು ಸ್ಮೈಲ್ ಟ್ರೇನ್ ಅನ್ನೋ ಸೇವಾ ಸಂಸ್ಥೆಯಿಂದ ಬಿಟ್ಟಿಯಾಗಿ ಆಯ್ತು. ಖರ್ಚು ಶುರುವಾಗಿದ್ದೇ ಎಂಟನೇ ವರ್ಷಕ್ಕೆ. ಮೇಲಿನ ದವಡೆ ಕಿರಿದು ಅಂತ ಅದನ್ನ ಅಗಲ ಮಾಡೋ ಎಕ್ಸ್‌ಪ್ಯಾಂಡರ್, 22,000. ರಾತ್ರಿ ಸಣ್ಣ ಕೀಲಿ ಹಾಕಿ ಸ್ಕ್ರೂ ತಿರುಗಿಸಬೇಕು. ಮಗಳು ಬಾಯಿ ತೆರೆದುಕೊಂಡೇ ಅಳೋದು, ಯಜಮಾನರು ಟಾರ್ಚ್ ಹಿಡಿದು ಮುಖ ಆಚೆ ತಿರುಗಿಸೋದು. ಆಮೇಲೆ ಕೋರೆಹಲ್ಲು ಇಳಿಯೋ ಮುಂಚೆ ಸೊಂಟದ ಮೂಳೆ ತೆಗೆದು ಒಸಡಿನ ಸೀಳಿಗೆ ತುಂಬಿದರು. ಬಾಯಿಗಿಂತ ಸೊಂಟವೇ ನೋವು ಅಂತ ಕುಂಟುತ್ತಿದ್ದಳು. ಇನ್ಶೂರೆನ್ಸ್‌ನವರು 'ಡೆಂಟಲ್' ಅಂತ ಬರೆದು ಫೈಲ್ ವಾಪಸ್ ಕಳಿಸಿದರು. ಪ್ರಜ್ಞೆ ತಪ್ಪಿಸಿ ಸೊಂಟ ಕೊಯ್ದಿದ್ದು ಡೆಂಟಲ್ಲಾ? ಈಗ ಹಲ್ಲಿಗೆ ತಂತಿ, 65,000. ತಂತಿ ಹಿಡಿಯೋಕೆ ಹಲ್ಲಿಗೆ ಅಂಟಿಸಿದ ಬ್ರಾಕೆಟ್ ಕಿತ್ತುಬಂದರೆ ಒಂದೊಂದಕ್ಕೂ 500. ಚಕ್ಕುಲಿ ಕಂಡರೆ ಸಿಟ್ಟು ಬರುತ್ತೆ ನನಗೆ.

ಪಿಂಪ್ರಿ:
ಅಕ್ಕಾ, ಅವರು ಕೇಳಿದ್ದು ಸೀಳುತುಟಿ ಅಲ್ಲ. ನನ್ನ ಮಗನದ್ದು ಅವರದೇ ಕೇಸು. ನಾಲ್ಕನೇ ವರ್ಷಕ್ಕೆ ಮೊದಲ ಸೆಟ್, 14,000. ದವಡೆ ಬೆಳೆದ ಹಾಗೆ ಸಡಿಲ ಆಯ್ತು, ಇನ್ನೊಂದು 18,000. ಅದನ್ನ ಟಿಶ್ಯೂನಲ್ಲಿ ಸುತ್ತಿ ಡಬ್ಬಿ ಪಕ್ಕ ಇಟ್ಟಿದ್ದ, ಸ್ಕೂಲಿನ ಆಯಾ ಕಸಕ್ಕೆ ಹಾಕಿದರು. ಮತ್ತೆ 18,000. ಹನ್ನೆರಡನೇ ವರ್ಷಕ್ಕೆ ಒಬ್ಬ ಡಾಕ್ಟರು, ಪೂರ್ತಿ ಇಂಪ್ಲಾಂಟ್ (ಮೂಳೆಗೆ ಸ್ಕ್ರೂ ಕೂರಿಸಿ ಕಟ್ಟೋ ಹಲ್ಲು) ಹಾಕೋಣ, ಇಎಂಐ ಇದೆ ಅಂದರು. ಎದ್ದು ಬಂದೆ. ಬೆಳೆಯೋ ದವಡೆಯಲ್ಲಿ ಇಂಪ್ಲಾಂಟ್ ಮೂಳೆಗೆ ಅಂಟಿ ನಿಂತಲ್ಲೇ ನಿಲ್ಲುತ್ತೆ, ಸುತ್ತಲಿನ ಮೂಳೆ ಬೆಳೆದು ಅದು ಹುದುಗಿಹೋಗುತ್ತೆ. ಕೆಳದವಡೆಯ ಮುಂಭಾಗಕ್ಕೆ ಮಾತ್ರ ಕೆಲವು ಮಕ್ಕಳಿಗೆ ಬೇಗ ಹಾಕೋದುಂಟು. ಉಳಿದಂತೆ ಬೆಳವಣಿಗೆ ನಿಲ್ಲೋ ತನಕ ಸೆಟ್ಟೇ ಗತಿ.

ಡೊಂಬಿವಲಿ:
ಅನುಭವ ಹೇಳೋಕೆ ನಿಮ್ಮ ಅಪ್ಪಣೆ ಬೇಕಿತ್ತಾ?

ವಾಸ್ಕೊ:
ಏನ್ರಿ ಇದು, ಬರೇ ಸಾವಿರದ ಲೆಕ್ಕಾ ಹೇಳಾಕತ್ತೀರಿ. ನಾವು ಗೋವಾದಾಗಿನ ಬಾಂಬೋಳಿ ಡೆಂಟಲ್ ಕಾಲೇಜಿಗೆ ಹೋಗ್ತೀವಿ, ಭಾಳ ಖರ್ಚ ಬರಂಗಿಲ್ಲ. ನಮ್ಮ ಹುಡುಗಗೂ ಬೆವರ ಬರಂಗಿಲ್ಲ, ಏಪ್ರಿಲ್‌ದಾಗ ಹಸಿ ಟಾವೆಲ್ ತಲಿ ಮ್ಯಾಲ ಹಾಕಿ ಬಸ್ಸಿನ್ಯಾಗ ಕುಂದರಸ್ತೀನಿ. ಕಲಿಯೋ ಹುಡುಗರು ಮಾಡ್ತಾರ, ಸರ್ ಬಂದು ನೋಡ್ತಾರ. ಅಳತಿ ಮತ್ತ ಮತ್ತ ತಗೋತಾರ, ನನ್ನ ಪಗಾರ ಹೋಗತದ, ಖರೆ. ಆದ್ರ ಅವ ಈಗ ರೊಟ್ಟಿ ಮುರದು ತಿಂತಾನ.

ಪಿಂಪ್ರಿ:
ಪಗಾರ ಹೋಗಿದ್ದು ಖರ್ಚಲ್ವಾ? ಅದನ್ನೂ ಕೂಡಿಸಿ ನೋಡಿ.

ವಾಸ್ಕೊ:
ಕೂಡಿಸೀನ್ರಿ. ಆದ್ರೂ ನಿಮ್ಮ ಅರ್ಧಾನೂ ಆಗಂಗಿಲ್ಲ.

ಘಾಟ್ಕೋಪರ್:
ಮುಂಬಯಿಯಲ್ಲಿದ್ದುಕೊಂಡು ಪ್ರೈವೇಟ್ ಯಾಕೆ? ಮುಂಬೈ ಸೆಂಟ್ರಲ್‌ನಲ್ಲಿ ಪಾಲಿಕೆಯ ನಾಯರ್ ಡೆಂಟಲ್ ಕಾಲೇಜು ಇದೆ. ಸರ್ಕಾರಿ ಡೆಂಟಲ್ ಕಾಲೇಜು ಸಿಎಸ್‌ಎಂಟಿ ಸ್ಟೇಷನ್ ಹತ್ತಿರ, ಸೇಂಟ್ ಜಾರ್ಜ್ ಆಸ್ಪತ್ರೆ ಆವರಣದಲ್ಲೇ. ಸೀಳುತುಟಿಗೆ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಅಂತ 2013ರಿಂದ ಸರ್ಕಾರದ ಯೋಜನೆಯೂ ಇದೆ, ಯಾರೂ ಕೇಳೋದೇ ಇಲ್ಲ. ಕಾಯೋ ತಾಳ್ಮೆ ಇಲ್ಲದವರು ದುಡ್ಡು ಸುರೀತಾರೆ.

ಡೊಂಬಿವಲಿ:
ತಾಳ್ಮೆ? ಬೆಳಗ್ಗೆ ಎಂಟಕ್ಕೆ ಡೊಂಬಿವಲಿಯಲ್ಲಿ ಮಗು ಎತ್ತಿಕೊಂಡು ಫಾಸ್ಟ್ ಲೋಕಲ್ ಹತ್ತಿ ನೋಡಿ, ಆಮೇಲೆ ಮಾತಾಡೋಣ.

ಘಾಟ್ಕೋಪರ್:
ಘಾಟ್ಕೋಪರ್‌ನಲ್ಲಿ ಹತ್ತೋಕೆ ಜಾಗ ಬಿಡದವರೇ ನೀವು ಡೊಂಬಿವಲಿಯವರು.

ಕಾಂದಿವಲಿ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಕೆಳಗಿನ ಸೆಟ್ ನಿಲ್ಲುತ್ತಾ ಅಂತ ಕೇಳಿದ್ದೆ.

ವಾಸ್ಕೊ:
ಮೊದಲ ನಿಲ್ಲಂಗಿಲ್ರಿ ತಂಗಿ, ನಾಲಿಗಿಲೆ ನೂಕತಾವ. ಬರಬರ್ತ ಗಲ್ಲಾ, ನಾಲಿಗಿನ ಹಿಡಕೊಳ್ಳಾಕ ಕಲೀತಾವ. ರಾತ್ರಿ ತಗದು ನೀರಾಗ ಇಡ್ರಿ.

ಪಿಂಪ್ರಿ:
ಕೆಳಗೆ ಹಲ್ಲೇ ಇಲ್ಲ ಅಂದ್ರೆ ಒಸಡಿನ ಏಣು ತೀರಾ ತೆಳು ಇರುತ್ತೆ. ನಮ್ಮವನಿಗೆ ಮೂರನೇ ಸೆಟ್ಟೂ ಸರಿಯಾಗಿ ನಿಲ್ಲಲಿಲ್ಲ. ಎಲ್ಲರಿಗೂ ನಿಲ್ಲುತ್ತೆ ಅಂತ ಆಸೆ ಹುಟ್ಟಿಸಬೇಡಿ.

ವಾಸ್ಕೊ:
ಎಲ್ಲಾರಿಗೂ ಅಂತ ನಾ ಯಾವಾಗ ಅಂದೆ?